ಅಂಗೈಗೆ ಒಗ್ಗುವ ಹಿಡಿ

ಮರದ ಚಮಚ ಕೆತ್ತಲು ಕೂತರೆ ಮೊದಲು ಸೋಲುವುದು ಕೈ, ಅಲಗಲ್ಲ. ಅರ್ಧ ಗಂಟೆಗೆಲ್ಲ ಹೆಬ್ಬೆರಳಿನ ಬುಡ ನೋಯುತ್ತದೆ, ಅಂಗೈ ಕೆಂಪಾಗುತ್ತದೆ, ಆಮೇಲೆ ಬೊಬ್ಬೆ. ಚಾಕು ಮೊಂಡಾಗಿದೆ ಅಂದುಕೊಂಡು ನಾನು ಎಷ್ಟೋ ದಿನ ಸುಮ್ನೆ ಮಸೆಯುತ್ತಾ ಕೂತಿದ್ದೆ. ತೊಂದರೆ ಇದ್ದದ್ದು ಚಾಕುವಿನ ಹಿಡಿಯಲ್ಲಿ.

ಯಾಕೆ ಅಂತ ನೋಡಿ. ಅಲಗು ಮರಕ್ಕೆ ಕಚ್ಚಿದಾಗ ಹಿಡಿ ಮುಷ್ಟಿಯೊಳಗೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಚರ್ಮ ಮತ್ತು ಮರದ ನಡುವಿನ ಘರ್ಷಣೆ. ಹಿಡಿ ತೆಳ್ಳಗಿದ್ದಷ್ಟೂ ಜಾಸ್ತಿ ಹಿಂಡಿ ಹಿಡಿಯಬೇಕು. ದಪ್ಪ ಹಿಡಿಯ ಸ್ಕ್ರೂಡ್ರೈವರ್ ಸಲೀಸಾಗಿ ತಿರುಗುತ್ತದೆ ಅಲ್ವಾ, ಲೆಕ್ಕ ಅದೇ. ಹಾಗಂತ ತೀರಾ ದಪ್ಪ ಮಾಡಿದರೆ ಬೆರಳುಗಳು ಪೂರ್ತಿ ಮಡಚುವುದಿಲ್ಲ, ಹಿಡಿತವೇ ಸಡಿಲ. ಇನ್ನು ಪೂರಾ ದುಂಡಗಿನ ಹಿಡಿ ಇದ್ದರೆ ತಿರುಗುವುದನ್ನು ಬರೀ ಬಿಗಿತದಿಂದಲೇ ತಡೆಯಬೇಕು. ಮೊಟ್ಟೆಯಂತೆ ಚಪ್ಪಟೆ ದುಂಡಾಗಿದ್ದರೆ ಅರ್ಧ ಕೆಲಸ ಆಕಾರವೇ ಮಾಡಿಬಿಡುತ್ತದೆ, ಅಲಗಿನ ಬಾಯಿ ಯಾವ ಕಡೆಗಿದೆ ಅಂತ ನೋಡದೆಯೇ ಕೈಗೆ ಗೊತ್ತಾಗುತ್ತದೆ.

1956ರಲ್ಲಿ ಜಾನ್ ನೇಪಿಯರ್ ಎಂಬ ಬ್ರಿಟಿಷ್ ವಿಜ್ಞಾನಿ ಮನುಷ್ಯನ ಹಿಡಿತವನ್ನು ಎರಡಾಗಿ ವಿಂಗಡಿಸಿದರು. ಇಡೀ ಮುಷ್ಟಿಯಲ್ಲಿ ಬಲವಾಗಿ ಹಿಡಿಯುವುದು ಒಂದು, ಬೆರಳ ತುದಿಯಲ್ಲಿ ನಾಜೂಕಾಗಿ ಹಿಡಿಯುವುದು ಇನ್ನೊಂದು. ಕೆತ್ತುವವರು ನಿಮಿಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತಾರೆ. ಆದ್ದರಿಂದ ಹಿಡಿಗೆ ನಡುವೆ ಸ್ವಲ್ಪ ಹೊಟ್ಟೆ ಬೇಕು, ಅಲಗಿನ ಹತ್ತಿರ ಸಣ್ಣಗಾಗಬೇಕು. ಸ್ವೀಡನ್ನಿನ ಹಳೆ ಮಾದರಿಯ ಮೋರಾ ಚಾಕುಗಳಿಗೆ ಪೀಪಾಯಿಯಂಥ ಬರ್ಚ್ ಮರದ ಹಿಡಿ ಇರುತ್ತದೆ, ಅದನ್ನು ಒಮ್ಮೆ ಹಿಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಉದ್ದ ಅಂಗೈಯ ಅಗಲಕ್ಕಿಂತ ತುಸು ಜಾಸ್ತಿಯೇ ಇರಲಿ. ಹಿಡಿಯ ತುದಿ ಅಂಗೈ ನಡುವೆ ನಿಂತರೆ ಅಲ್ಲೇ ಒತ್ತಿ ಒತ್ತಿ ಬೆರಳು ಜೋಮು ಹಿಡಿಯುತ್ತದೆ.

ಮರ ಯಾವುದು? ನನಗೆ ಜಾಲಿ ಇಷ್ಟ. ನಮ್ಮ ಕಡೆ ನೇಗಿಲಿಗೆ, ಕೊಡಲಿ ಕಾವಿಗೆ ಸುಮ್ನೆ ಅದನ್ನು ಆರಿಸಿಲ್ಲ, ಗಟ್ಟಿ ಮರ, ಪೆಟ್ಟು ತಡೆಯುತ್ತದೆ. ಹುಣಸೆಯೂ ಒಳ್ಳೆಯದು. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಸರಿಯಾಗಿ ಕೂರುವುದಿಲ್ಲ, ಮೊದಲು ಜಿಡ್ಡು ತೆಗೆಯುವ ಅಸಿಟೋನ್‌ನಲ್ಲಿ ಒರೆಸಬೇಕು. ಬೀಟೆ ನೋಡಲು ಚೆಂದ, ಆದರೆ ಅದರ ಪುಡಿ ಕೆಲವರಿಗೆ ಅಲರ್ಜಿ ತರುತ್ತದೆ, ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಮರಕ್ಕಿಂತ ಮುಖ್ಯವಾದದ್ದು ಅದು ಎಷ್ಟು ಒಣಗಿದೆ ಅನ್ನುವುದು. ನನ್ನ ಮೊದಲ ಹಿಡಿ ಮಳೆಗಾಲದಲ್ಲಿ ಮುರಿದುಬಿದ್ದ ಮಾವಿನ ಕೊಂಬೆಯದು, ಹಸಿಯಾಗಿರುವಾಗಲೇ ಮಾಡಿದ್ದೆ. ಬೇಸಿಗೆ ಬರುವಷ್ಟರಲ್ಲಿ ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಹೋಗುವ ಉಕ್ಕಿನ ತುದಿ, ಕೂತ ಜಾಗದಿಂದ ಉದ್ದಕ್ಕೂ ಸೀಳು ಬಿಟ್ಟಿತ್ತು. ಒಣಗುವಾಗ ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಕುಗ್ಗುವುದು ಶೇಕಡ 0.1ರಿಂದ 0.2 ಅಷ್ಟೇ. ಅಡ್ಡಕ್ಕೆ ಅದರ ಹತ್ತಾರು ಪಟ್ಟು ಕುಗ್ಗುತ್ತದೆ, ಅದರಲ್ಲೂ ವರ್ಷದ ಉಂಗುರಗಳ ಜಾಡಿನಲ್ಲಿ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಒಳಗಿರುವ ಉಕ್ಕು ಮಾತ್ರ ಇದ್ದಷ್ಟೇ ಇರುತ್ತದೆ. ಮರ ಬೇರೆ ದಾರಿಯಿಲ್ಲದೆ ಸೀಳುತ್ತದೆ. ಇಡೀ ಕೊಂಬೆ ಬಳಸದೆ, ಸೀಳಿ ತಿರುಳು ಬಿಟ್ಟ ತುಂಡು ತಗೊಳ್ಳಿ. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕೈ ಹಾಕಿ.

ಅಲಗನ್ನು ಕೂರಿಸಲು ಈಗ ಎಲ್ಲರೂ ಎಪಾಕ್ಸಿ ಅಂಟು ಹಾಕುತ್ತಾರೆ, ನಾನೂ ಹಾಕುತ್ತೇನೆ. ಹಿಂದೆ ನಮ್ಮಲ್ಲಿ ಕತ್ತಿಯ ಹಿಡಿಗಳಿಗೆ ಅರಗು ತುಂಬುತ್ತಿದ್ದರು. ಅರಗು 75 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಆರಿದರೆ ಗಟ್ಟಿ. ಅಷ್ಟು ಬಿಸಿಗೆ ಉಕ್ಕಿನ ಹದ ಕೆಡುವುದಿಲ್ಲ. ಬಾಲವನ್ನು ಕೆಂಪಗೆ ಕಾಯಿಸಿ ಮರಕ್ಕೆ ಹೊಡೆಯುವ ಪದ್ಧತಿಯೂ ಇದೆ, ಆದರೆ ಆಗ ಅಲಗಿಗೆ ಒದ್ದೆ ಬಟ್ಟೆ ಸುತ್ತಲೇಬೇಕು. ಅಲಗಿನ ಬಾಯಿ ನೀಲಿಗೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿತು ಅಂತಲೇ ಅರ್ಥ, ಹದ ಹೋದ ಹಾಗೆ.

ಇನ್ನು ಅಳತೆ. ಒಂದು ಹಿಡಿ ಚಪಾತಿ ಹಿಟ್ಟು ಕಲಸಿ, ಕೆತ್ತುವಾಗ ಹಿಡಿಯುವಂತೆ ಮುಷ್ಟಿಯಲ್ಲಿ ಒತ್ತಿ. ನಿಮ್ಮ ಹಿಡಿಯ ನಕ್ಷೆ ಅದೇ. ಅದನ್ನು ನೋಡಿಕೊಂಡು ಮರವನ್ನು ಅರದಲ್ಲಿ ಉಜ್ಜಿ, ತುಸು ದಪ್ಪ ಇರುವಾಗಲೇ ನಿಲ್ಲಿಸಿ. ಅಂಗೈಗೆ ಇದ್ದಿಲ ಪುಡಿ ಸವರಿ ಹತ್ತು ನಿಮಿಷ ಕೆತ್ತಿ. ಹಿಡಿಯ ಮೇಲೆ ಕಪ್ಪು ಎಲ್ಲಿ ಗಾಢವಾಗಿ ಕೂತಿದೆಯೋ ಅಲ್ಲಿ ಮರ ನಿಮ್ಮ ಕೈಯನ್ನು ಒತ್ತುತ್ತಿದೆ. ಅಲ್ಲಿ ಮಾತ್ರ ನಾಲ್ಕು ಸಲ ಅರ ಆಡಿಸಿ, ಮತ್ತೆ ಇದ್ದಿಲು, ಮತ್ತೆ ಕೆತ್ತನೆ. ನನ್ನ ಈಗಿನ ಹಿಡಿಗೆ ಹೀಗೆ ಏಳು ಸುತ್ತು ಬೇಕಾಯಿತು. ಕೊನೆಗೆ ಕಿರುಬೆರಳ ಕೆಳಗಿನ ಒಂದು ಚುಕ್ಕೆ ಮಾತ್ರ ಹಟ ಹಿಡಿದಿತ್ತು. ಅದು ಹೋದ ಸಂಜೆ ಎರಡು ಗಂಟೆ ಒಂದೇ ಸಮ ಕೆತ್ತಿದರೂ ಕೈ ನೋಯಲಿಲ್ಲ.

ಮೇಲೆ ವಾರ್ನಿಷ್ ಬೇಡ, ಬೆವರಿಗೆ ಜಾರುತ್ತದೆ. ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ. ಅಗಸೆ ಎಣ್ಣೆ ಹಚ್ಚಿ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು, ಕಣಗಳು ಒಂದಕ್ಕೊಂದು ಹೆಣೆದುಕೊಂಡು ಮರದೊಳಗೇ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ. ಎಣ್ಣೆ ಹಚ್ಚಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆಸೆದರೆ ಆ ಶಾಖ ಒಳಗೇ ಉಳಿದು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಾನು ಆ ಬಟ್ಟೆಯನ್ನು ಹಿತ್ತಲಿನ ತಂತಿಯ ಮೇಲೆ ಬಿಡಿಸಿ ಹರವುತ್ತೇನೆ, ಅದು ಪೂರ್ತಿ ಒಣಗಿ ರಟ್ಟಿನಂತೆ ಸೆಟೆದ ಮೇಲೆಯೇ ಒಳಗೆ ತರುವುದು.