ಪಹಣಿ ತಿದ್ದುವುದು ಎಸಿ ಕೋರ್ಟ್, ಹಕ್ಕು ತೀರ್ಮಾನಿಸುವುದು ಸಿವಿಲ್ ಕೋರ್ಟ್

ಸಿವಿಲ್ ಸ್ವರೂಪದ ಯಾವ ವ್ಯಾಜ್ಯವನ್ನಾದರೂ ಸಿವಿಲ್ ಕೋರ್ಟ್ ವಿಚಾರಣೆ ಮಾಡಬೇಕು, ಕಾನೂನು ನೇರವಾಗಿಯೋ ಸೂಚ್ಯವಾಗಿಯೋ ತಡೆದಿದ್ದರೆ ಮಾತ್ರ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 9 ಹೇಳುವುದು ಇಷ್ಟೇ. ಹಾಗಾಗಿ ‘ಈ ಕೋರ್ಟಿಗೆ ಅಧಿಕಾರವಿಲ್ಲ’ ಎನ್ನುವ ಪ್ರತಿವಾದಿಯೇ ಆ ತಡೆ ಯಾವ ಕಾಯ್ದೆಯಲ್ಲಿದೆ ಎಂದು ತೋರಿಸಬೇಕು.

ನಮ್ಮಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಪಹಣಿಯ ವಿಷಯದಲ್ಲಿ. ತಂದೆ ತೀರಿಕೊಂಡ ಮೇಲೆ ಅಣ್ಣ ವಿಲ್ ಇದೆಯೆಂದು ತನ್ನೊಬ್ಬನ ಹೆಸರಿಗೇ ಖಾತೆ ಮಾಡಿಸಿಕೊಂಡ ಎನ್ನಿ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಸೆಕ್ಷನ್ 136(2)ರಡಿ ಎಸಿಗೆ (ಉಪವಿಭಾಗಾಧಿಕಾರಿಗೆ) ಮೇಲ್ಮನವಿ, 136(3)ರಡಿ ಡಿಸಿ (ಜಿಲ್ಲಾಧಿಕಾರಿ) ಮುಂದೆ ರಿವಿಜನ್, ಅಂದರೆ ಮರುಪರಿಶೀಲನೆ ಇದೆ. ಅಲ್ಲಿ ತೀರ್ಮಾನವಾಗುವುದು ದಾಖಲೆಯಲ್ಲಿ ಯಾರ ಹೆಸರಿರಬೇಕು ಎಂಬುದಷ್ಟೇ. ವಿಲ್ ನಿಜವೇ, ತಂಗಿಗೆ ಪಾಲಿದೆಯೇ ಎಂಬುದು ಸಿವಿಲ್ ಕೋರ್ಟಿನ ಕೆಲಸ. ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸುತ್ತಾರೆ (ಸೆಕ್ಷನ್ 133), ಆದರೆ ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ.

ವಾದಪತ್ರ (ದಾವೆಯ ಅರ್ಜಿ) ಬರೆಯುವಾಗ ಭೂಕಂದಾಯ ಕಾಯ್ದೆಯ ಸೆಕ್ಷನ್ 135 ಕಣ್ಣೆದುರಿಗಿರಲಿ. ‘ನನ್ನ ಹೆಸರು ಸೇರಿಸಿ’ ಎಂದು ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ. ಅದನ್ನೇ ಮುಖ್ಯ ಕೋರಿಕೆ ಮಾಡಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 11(ಡಿ) ಅಡಿ ವಾದಪತ್ರವೇ ತಿರಸ್ಕೃತವಾಗಬಹುದು. ಹಕ್ಕನ್ನು ಅಲ್ಲಗಳೆಯುವವನ ಮೇಲೆ ಘೋಷಣೆಯ ದಾವೆ (ಹಕ್ಕು ತನ್ನದೆಂದು ಕೋರ್ಟಿನಿಂದ ಹೇಳಿಸಿಕೊಳ್ಳುವ ದಾವೆ) ಹೂಡಲು ಸೆಕ್ಷನ್ 135ರದೇ ಪರಂತುಕ, ಅಂದರೆ ಅದರಲ್ಲಿನ ವಿನಾಯಿತಿ ಅವಕಾಶ ಕೊಡುತ್ತದೆ. ಕೋರ್ಟಿನ ಘೋಷಣೆಯಂತೆ ಪಹಣಿ ತಿದ್ದಲೇಬೇಕು. ಸ್ವಾಧೀನ ಕಳೆದುಕೊಂಡಿದ್ದರೆ ಅದನ್ನೂ ಕೇಳಿ; ಬರೀ ಘೋಷಣೆ ಕೇಳಿದರೆ ಅದೂ ಸಿಗುವುದಿಲ್ಲ.

ಕಾಲಮಿತಿಯಲ್ಲಿ ಮೋಸ ಹೋಗುವವರು ಬಹಳ. ಘೋಷಣೆಗೆ 3 ವರ್ಷ (ಕಾಲಮಿತಿ ಕಾಯ್ದೆಯ ಅನುಚ್ಛೇದ 58). ಎಸಿ, ಡಿಸಿ ಕಚೇರಿಗೆ ಅಲೆಯುವಾಗಲೂ ಅದು ಓಡುತ್ತಿರುತ್ತದೆ. ತಪ್ಪು ಕೋರ್ಟಿನಲ್ಲಿ ಕಳೆದ ಸಮಯವನ್ನು ಲೆಕ್ಕದಿಂದ ಬಿಡುವ ಅದೇ ಕಾಯ್ದೆಯ ಸೆಕ್ಷನ್ 14 ನೆರವಿಗೆ ಬರುವುದು ಮೊದಲು ಹೋದ ಕೋರ್ಟಿಗೆ ಅಧಿಕಾರವೇ ಇಲ್ಲದಿದ್ದಾಗ. ಖಾತೆ ಮೇಲ್ಮನವಿ ಕೇಳಲು ಎಸಿಗೆ ಅಧಿಕಾರ ಇದ್ದೇ ಇದೆಯಲ್ಲ!

ನಿಜವಾಗಿ ಮುಚ್ಚಿದ ಬಾಗಿಲುಗಳೂ ಇವೆ. ಗೇಣಿದಾರ ಹೌದೋ ಅಲ್ಲವೋ ಎಂಬುದು ಭೂ ನ್ಯಾಯಮಂಡಳಿಯದು; ಭೂಸ್ವಾಧೀನದ ಸಿಂಧುತ್ವವನ್ನು ಸಿವಿಲ್ ಕೋರ್ಟ್ ನೋಡುವಂತಿಲ್ಲವೆಂದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ವಿರುದ್ಧ ಬ್ರಿಜೇಶ್ ರೆಡ್ಡಿ (2013) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಊರು ತಪ್ಪಿದರೆ ಅಷ್ಟು ಕಷ್ಟವಿಲ್ಲ. ಜಮೀನು ಶಿರಾದಲ್ಲಿದ್ದು ದಾವೆ ಬೆಂಗಳೂರಿನಲ್ಲಿ ಹೂಡಿದರೆ, ಆದೇಶ 7 ನಿಯಮ 10ರಡಿ ವಾದಪತ್ರ ವಾಪಸ್ ಬರುತ್ತದೆ. ಪ್ರತಿವಾದಿ ಆರಂಭದಲ್ಲೇ ಆಕ್ಷೇಪಿಸದಿದ್ದರೆ ಮೇಲ್ಮನವಿಯಲ್ಲಿ ಆ ಮಾತು ಎತ್ತುವಂತಿಲ್ಲ (ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 21). ವಿಷಯದ ಮೇಲೆಯೇ ಅಧಿಕಾರವಿಲ್ಲದ ಕೋರ್ಟಿನ ಡಿಕ್ರಿ ಹಾಗಲ್ಲ: ಅಮಲ್ಜಾರಿ (ಡಿಕ್ರಿ ಜಾರಿಗೊಳಿಸುವ) ಹಂತದಲ್ಲೂ ಅದನ್ನು ಶೂನ್ಯವೆಂದು ಪ್ರಶ್ನಿಸಬಹುದು.