ಸೋಪಿನ ಕಂಪನಿಯ ಜುಟ್ಟು ಯಾರ ಕೈಯಲ್ಲಿ?

ಕಿರಾಣಿ ಅಂಗಡಿಗೆ ಹೋಗಿ ಬಟ್ಟೆ ಒಗೆಯುವ ಪುಡಿ ಕೇಳಿ ನೋಡಿ. ಸರ್ಫ್ ಎಕ್ಸೆಲ್, ರಿನ್, ವೀಲ್ ಮೂರೂ ಸಾಮಾನ್ಯವಾಗಿ ಒಂದೇ ಕಪಾಟಿನಲ್ಲಿ ಇರುತ್ತವೆ. ಬೆಲೆ ಬೇರೆ ಬೇರೆಯಾದರೂ ಮೂರೂ ಒಂದೇ ಮನೆಯವು. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಹಿಂದೂಸ್ತಾನ್ ಯೂನಿಲಿವರ್ ಅಂತ ಬರೆದಿರುತ್ತದೆ. ಇಂಥ ಪುಡಿ ಮಾಡೋಣ, ಇಷ್ಟು ಬೆಲೆ ಇಡೋಣ ಅಂತ ಕೊನೆಯ ಮಾತು ಹೇಳುವವರು ಯಾರು? ಮುಂಬೈಯವರಾ, ಲಂಡನ್ನಿನವರಾ? ಸುಮಾರು ನೂರು ವರ್ಷದಿಂದ ಈ ಕಂಪನಿ ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತಾ ಬಂದಿದೆ.

1929ರಲ್ಲಿ ಇಂಗ್ಲೆಂಡಿನ ಲಿವರ್ ಬ್ರದರ್ಸ್ ಮತ್ತು ನೆದರ್‌ಲೆಂಡ್ಸಿನ ಮಾರ್ಗರಿನ್ ಯೂನಿ ಕೈಜೋಡಿಸಿದವು. ಇವರು ಸೋಪಿನವರು, ಅವರು ಬೆಣ್ಣೆಯ ಬದಲು ಬ್ರೆಡ್ಡಿಗೆ ಸವರುವ ಮಾರ್ಗರಿನ್ ಮಾಡುವವರು. ಇಬ್ಬರಿಗೂ ಬೇಕಾಗಿದ್ದು ಎಣ್ಣೆ ಮತ್ತು ಕೊಬ್ಬು. ಒಂದಾದರೂ ಮನೆ ಎರಡೇ ಉಳಿಯಿತು: ಲಂಡನ್ನಿನಲ್ಲಿ ಒಂದು ಕಂಪನಿ, ರಾಟರ್‌ಡ್ಯಾಮಿನಲ್ಲಿ ಇನ್ನೊಂದು. ನಿರ್ದೇಶಕರು ಮಾತ್ರ ಎರಡೂ ಕಡೆ ಅವರೇ. ಮುಂದೆ ಬಹಳ ಕಾಲ ಎಲ್ಲದರ ಮೇಲೆ ಮೂವರ ‘ಸ್ಪೆಷಲ್ ಕಮಿಟಿ’ ಇತ್ತು.

ಆ ಕಮಿಟಿ ವರ್ಷದ ಲೆಕ್ಕಾಚಾರ ನೋಡುತ್ತಿತ್ತು. ಹೊಸ ಫ್ಯಾಕ್ಟರಿಗೆ ದುಡ್ಡು ಬೇಕಾದರೆ ಅವರು ಹೂಂ ಅನ್ನಬೇಕಿತ್ತು. ದೊಡ್ಡ ಹುದ್ದೆಗೆ ಯಾರು ಅನ್ನುವುದೂ ಅಲ್ಲೇ ತೀರ್ಮಾನವಾಗುತ್ತಿತ್ತು. ಆದರೆ ಯಾವ ಸೋಪು ಮಾಡಬೇಕು, ಹೇಗೆ ಮಾರಬೇಕು ಅನ್ನುವ ಮಾತು ಹೆಚ್ಚಾಗಿ ಆಯಾ ದೇಶದ ಮ್ಯಾನೇಜರಿಗೇ ಬಿಟ್ಟದ್ದು. ಬೇರೆ ದಾರಿಯೂ ಇರಲಿಲ್ಲ. ಹಡಗಿನಲ್ಲಿ ಕಾಗದ ಹೋಗಿ ಉತ್ತರ ಬರಲು ವಾರಗಟ್ಟಲೆ ಬೇಕಿತ್ತು. ಎರಡನೇ ಮಹಾಯುದ್ಧದಲ್ಲಂತೂ ಯುರೋಪಿನ ಎಷ್ಟೋ ಶಾಖೆಗಳಿಗೆ ಲಂಡನ್ನಿನ ಸಂಪರ್ಕವೇ ಕಡಿದುಹೋಯಿತು. ತಮ್ಮ ಕೆಲಸ ತಾವೇ ನೋಡಿಕೊಂಡು ಅಭ್ಯಾಸವಾದವರು ಆಮೇಲೆ ಸುಲಭಕ್ಕೆ ಅಧಿಕಾರ ಬಿಟ್ಟುಕೊಡಲಿಲ್ಲ.

ಭಾರತಕ್ಕೆ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತಾ ಬಂದರಿನಲ್ಲಿ ಇಳಿದದ್ದು 1888ರಲ್ಲೇ. 1933ರಲ್ಲಿ ಇಲ್ಲೇ ಲಿವರ್ ಬ್ರದರ್ಸ್ ಇಂಡಿಯಾ ಶುರುವಾಯಿತು. 1956ರಲ್ಲಿ ಮೂರು ಕಂಪನಿ ಸೇರಿಸಿ ಹಿಂದೂಸ್ತಾನ್ ಲಿವರ್ ಮಾಡಿದರು, ಶೇ. 10ರಷ್ಟು ಷೇರನ್ನು ಭಾರತದ ಜನರಿಗೆ ಕೊಟ್ಟರು. 1961ರಲ್ಲಿ ಪ್ರಕಾಶ್ ಟಂಡನ್ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ನನ್ನ ಲೆಕ್ಕದಲ್ಲಿ ಹಿಡಿತದ ನಿಜವಾದ ಗುಟ್ಟು ಇಂಥ ನೇಮಕಗಳಲ್ಲೇ ಇದೆ. ದೇಶದೇಶದ ಮ್ಯಾನೇಜರುಗಳನ್ನು ಲಂಡನ್ನಿನ ‘ಫೋರ್ ಏಕರ್ಸ್’ ತರಬೇತಿ ಕೇಂದ್ರಕ್ಕೆ ಕರೆಸಿ ಪಳಗಿಸುತ್ತಿದ್ದರು. ಕಂಪನಿಯ ರೀತಿನೀತಿ ಮೈಗೂಡಿದವನಿಗೆ ದಿನಾ ಆದೇಶ ಕಳಿಸಬೇಕಾಗಿಲ್ಲ ಅಲ್ವಾ?

1973ರಲ್ಲಿ ಫೆರಾ ಕಾನೂನು ಬಂತು. ವಿದೇಶಿ ಪಾಲು ಸಾಮಾನ್ಯವಾಗಿ ಶೇ. 40ಕ್ಕಿಂತ ಜಾಸ್ತಿ ಇರಬಾರದು ಅಂದಿತು. ಕೋಕಾಕೋಲಾ, ಐಬಿಎಂ ಗಂಟುಮೂಟೆ ಕಟ್ಟಿದವು. ಹಿಂದೂಸ್ತಾನ್ ಲಿವರ್ ಉಳಿಯಿತು. ರಫ್ತು ಹೆಚ್ಚಿಸಿ, ರಾಸಾಯನಿಕಗಳ ತಯಾರಿಕೆಗೆ ಇಳಿದು, ಯೂನಿಲಿವರಿಗೆ ಶೇ. 51ರ ಪಾಲು ಉಳಿಸಿಕೊಟ್ಟಿತು. ದೆಹಲಿಯ ಜೊತೆ ವರ್ಷಗಟ್ಟಲೆ ಮಾತಾಡಿ ಇದನ್ನು ಸಾಧಿಸಲು ಇಲ್ಲಿಯ ನಾಡಿ ಬಲ್ಲವರೇ ಬೇಕಿತ್ತು.

ಇನ್ನು ನಿರ್ಮಾ ಕಥೆ. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಮನೆಯಲ್ಲೇ ಹಳದಿ ಪುಡಿ ಮಾಡಿ ಸೈಕಲ್ಲಿನಲ್ಲಿ ಮಾರಲು ಶುರುಮಾಡಿದರು. ಸರ್ಫಿನ ಬೆಲೆಯ ಸಣ್ಣ ಪಾಲಿಗೆ ಅದು ಸಿಗುತ್ತಿತ್ತು. ದೊಡ್ಡ ಕಂಪನಿ ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ, ಅದು ನಮ್ಮ ಗಿರಾಕಿಯಲ್ಲ ಅಂದುಕೊಂಡಿತು. ಎಂಬತ್ತರ ದಶಕದ ಹೊತ್ತಿಗೆ ನಿರ್ಮಾ ದೇಶದಲ್ಲೇ ಅತಿ ಹೆಚ್ಚು ಮಾರಾಟವಾಗುವ ಪುಡಿಗಳ ಸಾಲಿಗೆ ಬಂತು.

ಆಗ ಹುಟ್ಟಿದ್ದು ವೀಲ್. ನಮ್ಮಲ್ಲಿ ಬಟ್ಟೆ ಒಗೆಯುವುದು ಹೇಗೆ ಅಂತ ನೆನಪಿಸಿಕೊಳ್ಳಿ. ಬಕೆಟ್ಟಿನಲ್ಲಿ ನೆನೆಹಾಕಿ, ಕಲ್ಲಿನ ಮೇಲೆ ಕುಕ್ಕಿ, ಕೈಯಲ್ಲೇ ಹಿಂಡುವುದು. ಬೋರ್‌ವೆಲ್ ನೀರಾದರೆ ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಪುಡಿ ಖಾರವಾದರೆ ಅಂಗೈ ಉರಿಯುತ್ತದೆ. ವಾಷಿಂಗ್ ಮೆಷಿನ್ನಿಗೆಂದು ಯುರೋಪಿನಲ್ಲಿ ಮಾಡಿದ ಪುಡಿ ಇಲ್ಲಿ ಏನು ಮಾಡೀತು? ಹೊಸ ಪುಡಿ, ಕಡಿಮೆ ಖರ್ಚಿನ ತಯಾರಿಕೆ, ಹಳ್ಳಿ ಮುಟ್ಟುವ ಸಾಗಾಟ, ಎಲ್ಲವನ್ನೂ ಬೇರೆಯಾಗಿಯೇ ಕಟ್ಟಬೇಕಾಯಿತು. ಇಲ್ಲಿ ಕಲಿತ ಪಾಠವನ್ನು ಯೂನಿಲಿವರ್ ಬ್ರೆಜಿಲಿಗೆ ಒಯ್ದು, 1996ರಲ್ಲಿ ಅಲ್ಲಿಯ ಬಡ ಈಶಾನ್ಯ ಭಾಗದಲ್ಲಿ ‘ಆಲಾ’ ಎಂಬ ಅಗ್ಗದ ಪುಡಿ ತಂದಿತು.

ಇಷ್ಟಾದ ಮೇಲೂ ಹಗ್ಗ ಕೇಂದ್ರದ ಕಡೆಗೇ ಎಳೆಯತೊಡಗಿತು. ದೇಶಕ್ಕೊಂದು ದಾರಿ ಹಿಡಿದು ಬ್ರ್ಯಾಂಡುಗಳ ಸಂಖ್ಯೆ 1,600ರ ಹತ್ತಿರ ಹೋಗಿತ್ತು. 2000ದ ಹೊತ್ತಿಗೆ ಅದನ್ನು 400ಕ್ಕೆ ಇಳಿಸುವ ಯೋಜನೆ ಬಂತು. 2005ರಲ್ಲಿ ಇಬ್ಬರು ಅಧ್ಯಕ್ಷರ ಪದ್ಧತಿ ಮುಗಿದು ಒಬ್ಬರೇ ಸಿಇಒ ಆದರು. 2007ರಲ್ಲಿ ಹಿಂದೂಸ್ತಾನ್ ಲಿವರ್ ಹೆಸರು ಹಿಂದೂಸ್ತಾನ್ ಯೂನಿಲಿವರ್ ಆಯಿತು. 2013ರಲ್ಲಿ ತಾಯಿ ಕಂಪನಿ ಷೇರಿಗೆ ₹600 ಕೊಟ್ಟು ಇಲ್ಲಿಯ ಪಾಲನ್ನು ಶೇ. 67ಕ್ಕೆ ಏರಿಸಿಕೊಂಡಿತು. ಎರಡು ಮನೆಯಾಗಿದ್ದ ಯೂನಿಲಿವರ್ 2020ರಲ್ಲಿ ಲಂಡನ್ನಿನ ಒಂದೇ ಕಂಪನಿಯಾಯಿತು.

2022ರ ಬದಲಾವಣೆ ಇನ್ನೂ ದೊಡ್ಡದು. ವ್ಯಾಪಾರವನ್ನು ಐದು ಗುಂಪು ಮಾಡಿದರು: ಸೌಂದರ್ಯ, ಮೈಶುಚಿ, ಮನೆ ಶುಚಿ, ಆಹಾರ, ಐಸ್‌ಕ್ರೀಮ್. ಪ್ರಪಂಚದಲ್ಲೆಲ್ಲ ಆ ಸಾಮಾನಿನ ಲಾಭ ನಷ್ಟಕ್ಕೆ ಆಯಾ ಗುಂಪೇ ಹೊಣೆ. ಅಂದರೆ ಬಟ್ಟೆ ಪುಡಿಯ ವಿಷಯದಲ್ಲಿ ದೇಶದ ಮುಖ್ಯಸ್ಥರಿಗಿಂತ ಮನೆ ಶುಚಿ ಗುಂಪಿನ ಮಾತಿಗೆ ತೂಕ ಜಾಸ್ತಿ. ಮರುವರ್ಷದ ಆರಂಭದಲ್ಲಿ, ಭಾರತದ ಕಂಪನಿ ತಾಯಿ ಕಂಪನಿಗೆ ಕೊಡುವ ರಾಯಲ್ಟಿ ಮತ್ತು ಸೇವಾ ಶುಲ್ಕವನ್ನು ವಹಿವಾಟಿನ ಶೇ. 2.65ರಿಂದ ಮೂರು ವರ್ಷದಲ್ಲಿ 3.45ಕ್ಕೆ ಏರಿಸುವ ಘೋಷಣೆ ಬಂತು. ಬ್ರ್ಯಾಂಡ್, ತಂತ್ರಜ್ಞಾನ ಬಳಸುವುದಕ್ಕೆ, ಮೇಲಿನವರ ಸೇವೆಗೆ ಕೊಡುವ ದುಡ್ಡು ಇದು. ಆ ದಿನಗಳಲ್ಲಿ ಸಣ್ಣ ಷೇರುದಾರರು ಇದಕ್ಕೆ ಬೇಸರಪಟ್ಟದ್ದು ನನಗೆ ನ್ಯಾಯವಾಗಿಯೇ ಕಂಡಿತು. ವೀಲ್ ಪಾಠವನ್ನು ಬ್ರೆಜಿಲಿಗೆ ಒಯ್ದಾಗ ಇಲ್ಲಿಯವರ ತಿಳಿವಳಿಕೆಗೂ ಒಂದು ಬೆಲೆ ಇತ್ತಲ್ಲ.

ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಯೂನಿಲಿವರಿನ ದೊಡ್ಡ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ಕೆಲಸ ಭಾರತಕ್ಕೂ ಸಲ್ಲುತ್ತದೆ, ಹೊರದೇಶಗಳಿಗೂ ಹೋಗುತ್ತದೆ. ಅದೇ ವೈಟ್‌ಫೀಲ್ಡಿನ ಸುತ್ತಮುತ್ತ ಎಷ್ಟೋ ಮನೆಗಳ ನಲ್ಲಿಯಲ್ಲಿ ಈಗಲೂ ಬರುವುದು ಗಡಸು ಬೋರ್‌ವೆಲ್ ನೀರೇ.