ಕತ್ತಿ ತಾಗಿದ್ದಕ್ಕೆ ಇಷ್ಟೊಂದು ಕೂಗಾಟ ಯಾಕೆ?

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಫೆನ್ಸಿಂಗ್ ನೋಡಿದಾಗಲೆಲ್ಲ ಒಂದು ಅನುಮಾನ. ಒಂದೊಂದು ಪಾಯಿಂಟಿಗೂ ಗಂಟಲು ಹರಿಯುವ ಹಾಗೆ ಕಿರುಚುತ್ತಾರೆ, ಮುಷ್ಟಿ ಬಿಗಿಯುತ್ತಾರೆ. ಕೆಲವೊಮ್ಮೆ ಇಬ್ಬರೂ ಒಟ್ಟಿಗೆ! ಬಿಳಿ ಬಟ್ಟೆ ತೊಟ್ಟು, ಕತ್ತಿಯೆತ್ತಿ ವಂದಿಸಿ ಶುರುಮಾಡುವ ದೊಡ್ಡಮನುಷ್ಯರ ಆಟದಲ್ಲಿ ಇದೇನು ಬೀದಿ ಜಗಳ?

ಉತ್ತರ: ‘ಇಬ್ಬರೂ ಒಟ್ಟಿಗೆ’ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಫೆನ್ಸಿಂಗ್‌ನಲ್ಲಿ ಆಯುಧ ಮೂರು: ಫಾಯಿಲ್, ಎಪೇ, ಸೇಬರ್. ನೀವು ಕೇಳಿದ ಜೋಡಿ ಕಿರುಚಾಟ ಬಹುಶಃ ಸೇಬರ್‌ನದು. ನಮ್ಮ ಭವಾನಿ ದೇವಿ ಆಡುವುದೂ ಅದನ್ನೇ. ರೆಫರಿ ‘ಅಲೇ’ (ಶುರು) ಅನ್ನುವುದೇ ತಡ, ಇಬ್ಬರೂ ನುಗ್ಗುತ್ತಾರೆ. ಎಷ್ಟೋ ಸಲ ಒಂದೆರಡು ಸೆಕೆಂಡಿಗೆ ಕತೆ ಮುಗಿದಿರುತ್ತದೆ. ಕೆಂಪು ದೀಪವೂ ಹೊತ್ತಿದೆ, ಹಸಿರು ದೀಪವೂ ಹೊತ್ತಿದೆ. ಈಗ ಪಾಯಿಂಟ್ ಯಾರಿಗೆ?

ಯಂತ್ರಕ್ಕೆ ಅದು ಗೊತ್ತಿಲ್ಲ. ಇಬ್ಬರ ಕತ್ತಿಯೂ ತಾಗಿತು ಅನ್ನುವಷ್ಟು ಮಾತ್ರ ಅದು ಹೇಳುತ್ತದೆ. ದಾಳಿ ಮೊದಲು ಶುರುಮಾಡಿದವರಿಗೆ ಪಾಯಿಂಟಿನ ಹಕ್ಕು. ಆ ಏಟನ್ನು ಎದುರಾಳಿ ಕತ್ತಿಯಿಂದ ತಡೆದರೆ ಹಕ್ಕು ಅವರ ಕಡೆಗೆ ಹೊರಳುತ್ತದೆ. ಇದನ್ನು ತೀರ್ಮಾನಿಸುವುದು ರೆಫರಿಯ ಕಣ್ಣು. ರೆಫರಿ ಕೈ ಎತ್ತುವ ಮುಂಚಿನ ಆ ಅರೆಗಳಿಗೆಯಲ್ಲೇ ಇಬ್ಬರೂ ಅವರ ಕಡೆ ತಿರುಗಿ, ಮುಷ್ಟಿ ಎತ್ತಿ, ‘ನಂದು!’ ಅನ್ನುವ ಹಾಗೆ ಅಬ್ಬರಿಸುತ್ತಾರೆ. ನಮಗೆ ಇದೇನು ಹೊಸದಲ್ಲ, ಕ್ರಿಕೆಟ್‌ನಲ್ಲಿ ಹನ್ನೊಂದು ಜನ ಒಟ್ಟಿಗೆ ಅಪೀಲು ಮಾಡುವುದನ್ನು ನೋಡಿ ಬೆಳೆದವರು. ವ್ಯತ್ಯಾಸ ಇಷ್ಟೇ: ಕ್ರಿಕೆಟ್‌ನಲ್ಲಿ ಕೇಳದಿದ್ದರೆ ಅಂಪೈರು ಔಟ್ ಕೊಡುವ ಹಾಗಿಲ್ಲ, ಇಲ್ಲಿ ಕೂಗಿಗೆ ನಿಯಮದಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಹಾಗಾದರೆ ರೆಫರಿ ಕೂಗಿಗೆ ಬೀಳುತ್ತಾರಾ? ಬೀಳಬಾರದು. ಅನುಮಾನವಿದ್ದರೆ ವಿಡಿಯೊ ನೋಡುವ ವ್ಯವಸ್ಥೆಯೂ ಈಗ ಇದೆ. ಆದರೆ 15ಕ್ಕೆ ಗೆಲ್ಲುವ ಆಟ 14-14 ಆಗಿ, ಒಬ್ಬಾಕೆ ಗರ್ಜಿಸಿ ಇನ್ನೊಬ್ಬಾಕೆ ಸುಮ್ಮನೆ ನಿಂತರೆ, ಸುಮ್ಮನಿದ್ದವಳೇ ಸೋಲು ಒಪ್ಪಿಕೊಂಡಂತೆ ಕಾಣುವುದಿಲ್ಲವೇ? ಆ ಅಪಾಯಕ್ಕೆ ಯಾರೂ ತಯಾರಿಲ್ಲ.

ಇಷ್ಟಕ್ಕೇ ಉತ್ತರ ಮುಗಿಸುವವರು ಬಹಳ. ನನಗೆ ಅದು ಸಾಲದು, ಯಾಕೆಂದರೆ ಎಪೇ ಇದೆ. ಎಪೇಯಲ್ಲಿ ಹಕ್ಕಿನ ಮಾತೇ ಇಲ್ಲ. ಅಡಿಯಿಂದ ಮುಡಿಯವರೆಗೆ ಎಲ್ಲಿ ಚುಚ್ಚಿದರೂ ಪಾಯಿಂಟು. ಸೆಕೆಂಡಿನ 25ನೇ ಒಂದು ಭಾಗದೊಳಗೆ ಇಬ್ಬರೂ ಚುಚ್ಚಿದರೆ ಇಬ್ಬರಿಗೂ ಪಾಯಿಂಟು. ದೀಪ ಹೇಳಿದ್ದೇ ತೀರ್ಪು, ಒಲಿಸಿಕೊಳ್ಳಲು ಯಾರೂ ಇಲ್ಲ. ಆದರೂ ಎಪೇಯವರು ಕೂಗುತ್ತಾರೆ. ಹೋಗಲಿ, ಪ್ರೇಕ್ಷಕರಿಗಾಗಿ ಅನ್ನೋಣವೇ? ಟೋಕಿಯೊ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. 2021ರ ಜುಲೈ 26ರಂದು ಭವಾನಿ ದೇವಿ ಟುನೀಶಿಯಾದ ನಾಡಿಯಾ ಬೆನ್ ಅಝೀಝಿಯನ್ನು 15-3ರಿಂದ ಮಣಿಸಿ, ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಮನೋನ್ ಬ್ರೂನೆಗೆ 7-15ರಿಂದ ಸೋತರು. ಕೋವಿಡ್‌ನಿಂದಾಗಿ ಆಸನಗಳೆಲ್ಲ ಖಾಲಿ. ಆ ಖಾಲಿ ಸಭಾಂಗಣದಲ್ಲೂ ಫೆನ್ಸರ್‌ಗಳ ಕೂಗು ನಿಲ್ಲಲಿಲ್ಲ.

ಅಂದರೆ ಆ ಕೂಗು ಹೆಚ್ಚಾಗಿ ತಮಗೇ. ಜಾಲರಿ ಮುಖವಾಡದೊಳಗೆ ಉಸಿರು ಕಟ್ಟಿ, ತೊಡೆ ಬಿಗಿದು, ಎದುರಿನ ಮಣಿಕಟ್ಟನ್ನೇ ದಿಟ್ಟಿಸುತ್ತ ನಿಂತ ದೇಹ ಒಮ್ಮೆಲೇ ಸಡಿಲಾಗಬೇಕು. ಮುಖ ಕಾಣುವುದಿಲ್ಲ, ಹಾಗಾಗಿ ನಗು, ಸಿಟ್ಟು, ಸಮಾಧಾನ ಎಲ್ಲಕ್ಕೂ ಗಂಟಲೊಂದೇ ದಾರಿ. ಮತ್ತೆ ಕೆಲವೇ ಸೆಕೆಂಡಿನಲ್ಲಿ ‘ಆನ್ ಗಾರ್ದ್’, ಅಂದರೆ ಸಿದ್ಧರಾಗಿ ಅನ್ನುವ ಕರೆ. ಅಷ್ಟರೊಳಗೆ ಕಳೆದ ಪಾಯಿಂಟನ್ನು ಕೊಡವಿ ಹಾಕಬೇಕು.

ಇದೇ ಕೆಲಸ ಪಿಸುಮಾತಿನಿಂದಲೂ ಆಗುತ್ತದೆ. 2016ರ ರಿಯೊ, ಪುರುಷರ ಎಪೇ ಫೈನಲ್. ಕೊರಿಯಾದ ಪಾರ್ಕ್ ಸಾಂಗ್-ಯಂಗ್‌ಗೆ 20 ವರ್ಷ, ಹಂಗೇರಿಯ ಗೇಜಾ ಇಮ್ರೆಗೆ 41. ಕೊನೆಯ ವಿರಾಮದ ಹೊತ್ತಿಗೆ ಪಾರ್ಕ್ 9-13ರಲ್ಲಿ ಹಿಂದೆ. ಕುರ್ಚಿಯಲ್ಲಿ ಕೂತ ಹುಡುಗ ತಲೆಯಾಡಿಸುತ್ತ ತುಟಿಯಲ್ಲೇ ಗೊಣಗುತ್ತಿದ್ದುದನ್ನು ಕ್ಯಾಮೆರಾ ಹಿಡಿಯಿತು: ‘ಹಲ್ ಸು ಇತ್ತಾ’, ನನ್ನಿಂದಾಗುತ್ತೆ. ಆಟ 10-14ಕ್ಕೆ ಬಂತು. ಎಪೇಯ ನಿಯಮ ನೆನಪಿದೆಯಲ್ಲ? ಇನ್ನು ಇಬ್ಬರ ದೀಪವೂ ಒಟ್ಟಿಗೆ ಹೊತ್ತಿದರೆ ಇಮ್ರೆಗೆ 15, ಚಿನ್ನ ಅವರದು. ಹಾಗಾಗಿ ಪ್ರತಿ ಏಟೂ ತಾನು ತಾಗದೆ ತಾಗಿಸಬೇಕಾದ ಏಟು. ಪಾರ್ಕ್ ಅಂಥ ಐದನ್ನು ಸಾಲಾಗಿ ಹೊಡೆದು 15-14ರಿಂದ ಗೆದ್ದ.

ದೊಡ್ಡಮನುಷ್ಯರ ಆಟ ಅಂದದ್ದು ಒಂದು ಕಾಲಕ್ಕೆ ನಿಜವೇ. ದೀಪಗಳಿಲ್ಲದಾಗ ನಾಲ್ವರು ತೀರ್ಪುಗಾರರು ಸುತ್ತ ನಿಂತು ನೋಡುತ್ತಿದ್ದರು. ಏಟು ತಿಂದವನೇ ‘ಟೂಶೇ’ (ತಾಗಿತು) ಎಂದು ಒಪ್ಪಿಕೊಳ್ಳುವುದು ಮರ್ಯಾದೆ. 1936ರಲ್ಲಿ ಒಲಿಂಪಿಕ್ಸ್‌ನ ಎಪೇಗೆ ವಿದ್ಯುತ್ ಯಂತ್ರ ಬಂತು, 1956ರಲ್ಲಿ ಫಾಯಿಲ್‌ಗೆ, 1992ರಲ್ಲಿ ಸೇಬರ್‌ಗೆ. ಒಪ್ಪಿಕೊಳ್ಳುವ ಕೆಲಸ ದೀಪದ ಪಾಲಾಯಿತು. ಕೂಗುವ ಕೆಲಸ ಏಟು ಕೊಟ್ಟವನ ಪಾಲಿಗೆ ಬಂತು ಎಂದು ನನಗನ್ನಿಸುತ್ತದೆ. ಜಪಾನಿನ ಬಿದಿರು ಕತ್ತಿಯ ಆಟ ಕೆಂಡೊದಲ್ಲಿ ಲೆಕ್ಕವೇ ತಿರುವುಮುರುವು: ಹೊಡೆಯುವಾಗ ಕೂಗದಿದ್ದರೆ ಏಟು ಏಟೇ ಅಲ್ಲ, ಹೊಡೆದ ಮೇಲೆ ಕುಣಿದಾಡಿದರೆ ಬಂದ ಪಾಯಿಂಟೂ ಹೋಗಬಹುದು.

ಫೆನ್ಸಿಂಗ್‌ನಲ್ಲೂ ಮಿತಿ ಇಲ್ಲದಿಲ್ಲ. ಶಿಸ್ತು ಮೀರಿದರೆ ಕಾರ್ಡುಗಳಿವೆ. ಕೆಂಪು ಬಿದ್ದರೆ ಎದುರಾಳಿಗೆ ಒಂದು ಪಾಯಿಂಟ್ ಪುಕ್ಕಟೆ, ಕಪ್ಪು ಬಿದ್ದರೆ ಮನೆಗೆ.

ಮುಂದಿನ ಸಲ ಸೇಬರ್ ನೋಡುವಾಗ ಎರಡೂ ದೀಪ ಹೊತ್ತಿದರೆ ಇಬ್ಬರ ಬಾಯಿ ನೋಡಬೇಡಿ, ಕಾಲು ನೋಡಿ. ಕೂಗುತ್ತಲೇ ಬೆನ್ನು ತಿರುಗಿಸಿ ತನ್ನ ಗೆರೆಯ ಕಡೆ ನಡೆಯಲು ಶುರುಮಾಡಿದವರಿಗೆ ಎಷ್ಟೋ ಸಲ ರೆಫರಿಗಿಂತ ಮೊದಲೇ ಪಾಯಿಂಟ್ ಯಾರದೆಂದು ಗೊತ್ತಾಗಿರುತ್ತದೆ.